ಬರಿಗೈಯ ಸವಾಲು

ಬ್ರಿಜ್ ಆಟ ಕಲಿಸುವವರ ಮೇಲೆ ನನಗೊಂದು ತಕರಾರಿದೆ. ಅವರು ಕಲಿಸುವುದೆಲ್ಲ ಉಳ್ಳವರ ಆಟ. ಎಕ್ಕ, ರಾಜ, ರಾಣಿಯರು ಕೈತುಂಬ ಬಂದಾಗ ಏನು ಕೂಗಬೇಕು, ಹಂತ ಹಂತವಾಗಿ ಹೇಗೆ ಮೇಲೇರಬೇಕು, ಹದಿಮೂರಕ್ಕೆ ಹದಿಮೂರನ್ನೂ ಗೆಲ್ಲುವ ಗ್ರ್ಯಾಂಡ್ ಸ್ಲ್ಯಾಮನ್ನು ಹೇಗೆ ಮುಟ್ಟಬೇಕು ಎಂಬುದನ್ನು ವಾರಗಟ್ಟಲೆ ಹೇಳಿಕೊಡುತ್ತಾರೆ. ಎರಡು, ಮೂರು, ಐದು, ಏಳುಗಳೇ ತುಂಬಿಕೊಂಡ ಕೈ ಬಂದರೆ? "ಅದಕ್ಕೇನು, ಪಾಸ್ ಅಂದು ಸುಮ್ಮನಿರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ಮಾತು ಆಟದ ಲೆಕ್ಕದಲ್ಲೂ ತಪ್ಪು, ಕಲಿಸುವವರ ಧರ್ಮದಲ್ಲೂ ತಪ್ಪು. ಅದರಲ್ಲೂ ಸಂಕೇತದ ಸವಾಲುಗಳನ್ನು ಬಳಸುವ ಪದ್ಧತಿಗಳು ನಿಂತಿರುವುದೇ ಬಡ ಕೈ ಕೊಡುವ ಉತ್ತರದ ಮೇಲೆ. ಆ ಉತ್ತರವನ್ನು ಕಲಿಸದೆ ಪದ್ಧತಿ ಕಲಿಸಿದೆವೆನ್ನುವುದು ಅಡಿಪಾಯ ಬಿಟ್ಟು ಗೋಡೆ ಕಟ್ಟಿದಂತೆ.

ಇಸ್ಪೀಟಿನ ಹೆಸರೆತ್ತಿದರೆ ಮೂಗು ಮುರಿಯುವ ಗೆಳತಿಯರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎಲೆಯ ಆಟಕ್ಕೆ ಹಣ ಕಟ್ಟಿ ಮನೆ ಕಳೆದವರನ್ನು ನಾವೆಲ್ಲ ಕಂಡವರೇ. ಆದರೆ ಬ್ರಿಜ್ ಆ ಸಾಲಿನದಲ್ಲ. ರಮ್ಮಿ ಜೂಜೋ ಅಲ್ಲವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 1967ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಹೋಲಿಕೆಗೆ ಎತ್ತಿಕೊಂಡದ್ದೇ ಬ್ರಿಜ್ ಆಟವನ್ನು. ರಮ್ಮಿಯಲ್ಲಿರುವ ಅದೃಷ್ಟದ ಪಾಲು ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ, ಉಳಿದುದು ಜಾಣ್ಮೆ ಎಂದರು. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಮೊದಲ ಬಾರಿಗೆ ಸೇರಿದಾಗ, ಅರುವತ್ತು ವರ್ಷದ ಪ್ರಣಬ್ ಬರ್ಧನ್ ಮತ್ತು ಐವತ್ತಾರರ ಶಿವನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದರು. ಕಂಚು ಗೆದ್ದ ಮಿಶ್ರ ತಂಡದಲ್ಲಿ ಕಿರಣ್ ನಾಡಾರ್, ಹೇಮಾ ದೇವ್ರಾ ಅವರಂಥ ಹಿರಿಯ ಹೆಂಗಸರಿದ್ದರು. ಮೊಣಕಾಲು ನೋವಿನ ವಯಸ್ಸಿನಲ್ಲೂ ದೇಶಕ್ಕೆ ಪದಕ ತರಬಹುದಾದ ಆಟ ಇನ್ನೆಷ್ಟಿವೆ ಹೇಳಿ!

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಬ್ರಿಜ್‌ಗೆ ನಾಲ್ವರು ಬೇಕು. ಎದುರುಬದುರು ಕೂತವರು ಒಂದು ಜೋಡಿ. ಐವತ್ತೆರಡು ಎಲೆಗಳನ್ನು ಹಂಚಿದರೆ ಒಬ್ಬೊಬ್ಬರಿಗೆ ಹದಿಮೂರು. ಮನೆಯಲ್ಲಿ ನಾವು ಕಳಾವರ, ಡೈಮನ್, ಆಟೀನು, ಇಸ್ಪೀಟು ಎನ್ನುವ ನಾಲ್ಕು ಬಣ್ಣಗಳನ್ನು ಬ್ರಿಜ್ ಮೇಜಿನಲ್ಲಿ ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್ ಎನ್ನುತ್ತಾರೆ. ಆಟಕ್ಕೆ ಮೊದಲು ಹರಾಜು ನಡೆಯುತ್ತದೆ. ಯಾವ ಬಣ್ಣ ತುರುಪಾಗಬೇಕು, ನಮ್ಮ ಜೋಡಿ ಎಷ್ಟು ಸುತ್ತು ಗೆಲ್ಲುತ್ತದೆ ಎಂದು ಸವಾಲು ಕೂಗುವುದೇ ಹರಾಜು. ಇದಕ್ಕೆ ಬಿಡ್ಡಿಂಗ್ ಎಂದು ಹೆಸರು. 'ಒಂದು ಕ್ಲಬ್' ಎಂದರೆ ಕ್ಲಬ್ ತುರುಪು ಮಾಡಿ ಆರರ ಮೇಲೆ ಒಂದು, ಅಂದರೆ ಏಳು ಸುತ್ತು ಗೆಲ್ಲುವ ಮಾತು. ಹಿಂದಿನವರು ಕೂಗಿದ್ದಕ್ಕಿಂತ ಮೇಲೆ ಕೂಗಬೇಕು, ಇಲ್ಲವೇ ಪಾಸ್ ಎನ್ನಬೇಕು. ಎಲೆ ತೋರಿಸುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ. ನಮ್ಮ ಪಾರ್ಟ್ನರ್‌ಗೆ ನಮ್ಮ ಕೈ ತಿಳಿಯಬೇಕಾದ್ದು ಈ ಸವಾಲುಗಳಿಂದ ಮಾತ್ರ. ಕೈಯ ಬಲ ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಪಾಯಿಂಟು ಹಾಕುತ್ತಾರೆ. ಒಂದು ಕಟ್ಟಿನಲ್ಲಿ ಒಟ್ಟು 40 ಪಾಯಿಂಟು.

ಸವಾಲುಗಳಲ್ಲಿ ಎರಡು ಜಾತಿ. ಕೈಯಲ್ಲಿ ಸ್ಪೇಡ್ ಹೆಚ್ಚಿದ್ದರೆ ಸ್ಪೇಡ್ ಎನ್ನುವುದು ಸಹಜ ಸವಾಲು. ಹೇಳುವ ಮಾತೊಂದು, ಅದರ ಅರ್ಥ ಇನ್ನೊಂದು ಆಗಿರುವುದು ಸಂಕೇತದ ಸವಾಲು. "ಇದು ಎಂಥ ಕೃತಕ ಭಾಷೆ!" ಎಂದು ಹುಬ್ಬು ಗಂಟಿಕ್ಕುವವರು ನಮ್ಮ ಮನೆಯ ಮಾತನ್ನು ಒಮ್ಮೆ ಕೇಳಿಸಿಕೊಳ್ಳಲಿ. ಹೊರಟು ನಿಂತವಳು "ಬರ್ತೀನಿ" ಎನ್ನುತ್ತಾಳೆ. ಬಳೆ ಒಡೆದರೆ "ಬಳೆ ಹೆಚ್ಚಿತು" ಎನ್ನುತ್ತೇವೆ. ಹೋಗುವವಳು ಬರುತ್ತೇನೆಂದರೂ, ಒಡೆದದ್ದನ್ನು ಹೆಚ್ಚಿತೆಂದರೂ ಯಾರಿಗೂ ಗೊಂದಲವಿಲ್ಲ. ಮಾತಿನ ಒಪ್ಪಂದ ಎಲ್ಲರಿಗೂ ಗೊತ್ತು. ಬ್ರಿಜ್‌ನ ಸಂಕೇತವೂ ಇಂಥದೇ ಒಪ್ಪಂದ.

ಈ ಒಪ್ಪಂದಗಳಲ್ಲಿ ಬಹಳ ಹಳೆಯದೊಂದು ಯಾವುದು ಗೊತ್ತೇ? ಬಡ ಕೈಯ ಉತ್ತರವೇ ಅದರ ಅರ್ಧ ಭಾಗ. ಇಂದಿನ ಕಾಂಟ್ರ್ಯಾಕ್ಟ್ ಬ್ರಿಜ್‌ನ ಅಂಕಗಳ ಲೆಕ್ಕವನ್ನು ಅಮೆರಿಕದ ಶ್ರೀಮಂತ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ಒಂದು ಹಡಗು ಪ್ರಯಾಣದಲ್ಲಿ ರೂಪಿಸಿದ. 1929ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಕ್ಲಬ್ ಪದ್ಧತಿಯೊಂದನ್ನು ವಿವರಿಸಿದ. 'ಒಂದು ಕ್ಲಬ್' ಎಂದರೆ ಕ್ಲಬ್ ಇದೆ ಎಂದಲ್ಲ, ಬಲವಾದ ಕೈ ಇದೆ ಎಂದು. ಎದುರಿಗೆ ಕೂತವರು 'ಒಂದು ಡೈಮಂಡ್' ಎಂದರೆ ಡೈಮಂಡ್ ಇದೆ ಎಂದಲ್ಲ, ನನ್ನ ಕೈ ಬಡವಾಗಿದೆ ಎಂದು. ಆಟ ಹುಟ್ಟಿಸಿದ ಕೋಟ್ಯಧೀಶನಿಗೇ ಬಡತನಕ್ಕೊಂದು ಗೌರವದ ಮಾತು ಬೇಕೆಂದು ತೋರಿತ್ತು. ನಮ್ಮ ಕಲಿಸುವವರಿಗೆ ಇನ್ನೂ ತೋರಿಲ್ಲ.

ನಲವತ್ತು ವರ್ಷಗಳ ಬಳಿಕ, ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಿ. ಸಿ. ವೇ ಎಂಬಾತ ಇದೇ ಬುನಾದಿಯ ಮೇಲೆ ಪ್ರಿಸಿಷನ್ ಎಂಬ ಪದ್ಧತಿ ಕಟ್ಟಿದ. 1969ರಲ್ಲಿ ರಿಯೋ ಡಿ ಜನೈರೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಯಾರ ಎಣಿಕೆಯಲ್ಲೂ ಇಲ್ಲದ ತೈವಾನ್ ತಂಡ ಈ ಪದ್ಧತಿ ಹಿಡಿದು ಫೈನಲ್‌ವರೆಗೆ ಬಂದು ಇಟಲಿಯವರನ್ನು ಎದುರಿಸಿತು. ವೇ ಅವರ ಹೆಂಡತಿ ಕ್ಯಾಥಿ ವೇ ಇದೇ ಪದ್ಧತಿಯನ್ನಾಡಿ, ಜೂಡಿ ರಾಡಿನ್ ಜೊತೆಗೂಡಿ 1978ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮಹಿಳಾ ಜೋಡಿಗಳ ವಿಶ್ವ ಪ್ರಶಸ್ತಿ ಗೆದ್ದಳು. ಪ್ರಿಸಿಷನ್‌ನಲ್ಲಿ 16 ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟಿದ್ದರೆ 'ಒಂದು ಕ್ಲಬ್'. ಎದುರಿನವರ ಬಳಿ 0ರಿಂದ 7 ಇದ್ದರೆ 'ಒಂದು ಡೈಮಂಡ್'. 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬೇರೆ ಉತ್ತರಗಳು.

ಈಗ ಲೆಕ್ಕಕ್ಕೆ ಬನ್ನಿ. ಕಟ್ಟಿನಲ್ಲಿರುವುದು 40 ಪಾಯಿಂಟು. 'ಒಂದು ಕ್ಲಬ್' ಎಂದವರ ಬಳಿ ಕಡಿಮೆಯೆಂದರೆ 16. ಉಳಿದದ್ದು 24. ಅದನ್ನು ಮೂವರು ಹಂಚಿಕೊಂಡರೆ ತಲೆಗೆ 8. ಅವರ ಬಳಿ 19 ಇದ್ದರೆ ಉಳಿದವರಿಗೆ ತಲೆಗೆ 7. 'ಎರಡು ಕ್ಲಬ್' ಎಂದು ಕೂಗುವ 22ರ ಕೈಯಾದರೆ ಉಳಿದವರಿಗೆ ತಲೆಗೆ ಆರೇ. ಅಂದರೆ ಬಲವಾದ ಕೈಯ ಎದುರು ಕೂತವರಿಗೆ ಅರ್ಧಕ್ಕರ್ಧ ಸಲ ಬಡ ಕೈಯೇ ಬರುತ್ತದೆ. ಇದು ದುರದೃಷ್ಟವಲ್ಲ, ಕೂಡಿ ಕಳೆಯುವ ಲೆಕ್ಕ. ನಾಲ್ಕನೇ ತರಗತಿಯ ಮಗು ಮಾಡಬಹುದಾದ ಈ ಲೆಕ್ಕವನ್ನು ಮಾಡದೆ, ಎಂಟರ ಮೇಲಿನ ಉತ್ತರಗಳಿಗೆ ಹತ್ತು ಪಾಠ, ಏಳರ ಕೆಳಗಿನವಕ್ಕೆ ಒಂದು ಸಾಲು ಎಂದು ಇಡುವುದು ಯಾವ ನ್ಯಾಯ? ತರಗತಿಯ ಅರ್ಧ ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಪಾಠ ಮುಂದಿನ ಬೆಂಚಿನಲ್ಲೇ ನಿಲ್ಲಬಹುದೇ?

ತೀರಾ ದರಿದ್ರ ಕೈ ಅಪರೂಪ. ಒಂಬತ್ತಕ್ಕಿಂತ ದೊಡ್ಡ ಎಲೆ ಒಂದೂ ಇಲ್ಲದ ಕೈಗೆ ಯಾರ್ಬರೋ ಎಂದು ಹೆಸರು. ಅಂಥದು ಬಾರದೆಂದು ಇಂಗ್ಲೆಂಡಿನ ಯಾರ್ಬರೋ ಎಂಬ ಸಾಹುಕಾರ ಒಂದಕ್ಕೆ ಸಾವಿರ ಕೊಡುವ ಪಣ ಕಟ್ಟುತ್ತಿದ್ದನಂತೆ. ನಿಜವಾದ ಲೆಕ್ಕದಲ್ಲಿ ಅದು 1,828 ಕೈಗಳಿಗೆ ಒಂದು ಸಲ. ಸಾಹುಕಾರ ಲಾಭ ನೋಡಿಯೇ ಪಣ ಕಟ್ಟಿದ್ದ! ಆದರೆ ಒಂದು ರಾಣಿ, ಒಂದು ಗುಲಾಮ, ಮಿಕ್ಕಿದ್ದೆಲ್ಲ ಚಿಲ್ಲರೆ ಎಂಬ ಕೈ ದಿನನಿತ್ಯದ್ದು. ನಾನು ಮಾತಾಡುತ್ತಿರುವುದು ಈ ದಿನನಿತ್ಯದ ಬಡತನದ ಬಗ್ಗೆ.

ಬಡ ಕೈ ಹಿಡಿದವರು ಎರಡು ತಪ್ಪು ಮಾಡುತ್ತಾರೆ. ಮೊದಲನೆಯದು ಮೌನ. ಕೈಯಲ್ಲಿ ಹೀಗಿದೆ ಎನ್ನಿ: ಸ್ಪೇಡ್‌ನಲ್ಲಿ 8, 5, 2. ಹಾರ್ಟ್‌ನಲ್ಲಿ 10, 9, 6, 4. ಡೈಮಂಡ್‌ನಲ್ಲಿ 9, 7, 3. ಕ್ಲಬ್‌ನಲ್ಲಿ ಗುಲಾಮ, 5, 3. ಒಟ್ಟು ಒಂದೇ ಪಾಯಿಂಟು. ಎದುರಿನವರು 'ಒಂದು ಕ್ಲಬ್' ಎಂದರು. "ನನ್ನ ಹತ್ತಿರ ಏನೂ ಇಲ್ಲ, ಬಾಯಿ ತೆಗೆಯುವ ಯೋಗ್ಯತೆ ನನಗೆಲ್ಲಿ" ಎಂದು ಪಾಸ್ ಹೇಳಿದರೆ ಹರಾಜು ಅಲ್ಲೇ ಮುಗಿಯಬಹುದು, ಕ್ಲಬ್ಬೇ ತುರುಪಾಗಿ ನಿಲ್ಲಬಹುದು. ಅವರ ಬಳಿ ಇದ್ದದ್ದು ಆರು ಸ್ಪೇಡ್ ಮತ್ತು ಒಂಟಿ ಕ್ಲಬ್ ಆಗಿರಬಹುದು! 'ಒಂದು ಕ್ಲಬ್' ಎಂಬುದು ಒಂದು ಪ್ರಶ್ನೆ. ಪ್ರಶ್ನೆಗೆ ಉತ್ತರ ಬೇಕು. "ಇಲ್ಲ" ಎಂಬುದೂ ಉತ್ತರವೇ. ಮೌನ ಉತ್ತರವಲ್ಲ. 'ಒಂದು ಡೈಮಂಡ್' ಎನ್ನಿ. ಅವರು 'ಒಂದು ಸ್ಪೇಡ್' ಎಂದು ತಮ್ಮ ನಿಜವಾದ ಬಣ್ಣ ಹೇಳುತ್ತಾರೆ. ಆಗ ನೀವು ಧಾರಾಳವಾಗಿ ಪಾಸ್ ಎನ್ನಬಹುದು. ಕೆಲಸ ಆಯಿತು.

ಎರಡನೆಯ ತಪ್ಪು ಹಮ್ಮು. ಐದು ಸ್ಪೇಡ್, ಅದರಲ್ಲೊಬ್ಬಳು ರಾಣಿ, ಬೇರೆಡೆ ಒಬ್ಬ ರಾಜ. ಒಟ್ಟು 5 ಪಾಯಿಂಟು. 'ಒಂದು ಡೈಮಂಡ್' ಎನ್ನಲು ನಾಚಿಕೆ. "ಐದು ಸ್ಪೇಡ್ ಇದೆಯಲ್ಲ" ಎಂದು 'ಒಂದು ಸ್ಪೇಡ್' ಎಂದುಬಿಟ್ಟರೆ ಎದುರಿನವರು 8 ಪಾಯಿಂಟಿದೆ ಎಂದು ನಂಬುತ್ತಾರೆ. ಆ ನಂಬಿಕೆಯ ಮೇಲೆ ಮೇಲೇರುತ್ತಾರೆ, ನಾಲ್ಕು, ಐದು, ಕೆಲವೊಮ್ಮೆ ಆರು. ಆಮೇಲೆ ನಿಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಬೇಕಾದ ಹೊತ್ತು ಬರುತ್ತದೆ. ಸಾಲ ಮಾಡಿ ಮದುವೆ ಮಾಡಿದ ಮನೆಯ ಮರುದಿನದ ಹಾಗೆ ಆಗ ಎಲ್ಲವೂ ಬಯಲು. ಇಲ್ಲದ್ದನ್ನು ಇದೆ ಎನ್ನುವ ಈ ಚಾಳಿ ನಮ್ಮ ಹೆಂಗಸರಿಗೆ ಸುಮ್ಮನೆ ಬಂದದ್ದಲ್ಲ. "ಮನೆಯಲ್ಲಿ ಇಲ್ಲ ಎನ್ನಬಾರದು" ಎಂದು ಚಿಕ್ಕಂದಿನಿಂದ ಬಾಯಿಗೆ ಬೀಗ ಹಾಕಿಸಿಕೊಂಡವರು ನಾವು. ಮೌನ, ಇಲ್ಲವೇ ಮರೆಮಾಚುವುದು, ಇವೆರಡನ್ನೇ ಕಲಿತಿದ್ದೇವೆ. ಬ್ರಿಜ್ ಮೇಜು ಮೂರನೆಯದನ್ನು ಕಲಿಸುತ್ತದೆ. ಇಲ್ಲ ಎಂಬುದನ್ನು ಸರಿಯಾದ ಹೊತ್ತಿನಲ್ಲಿ, ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳುವುದು.

ಬಡತನದಲ್ಲೂ ಮಟ್ಟಗಳಿವೆ ಎಂಬುದನ್ನು ಈ ಪದ್ಧತಿಗಳು ಬಲ್ಲವು. 'ಒಂದು ಡೈಮಂಡ್' ಎಂದವರ ಬಳಿ ಸೊನ್ನೆಯೂ ಇರಬಹುದು, ಏಳೂ ಇರಬಹುದು. ಸ್ಪೇಡ್‌ನಲ್ಲಿ ರಾಜ, 8, 4. ಹಾರ್ಟ್‌ನಲ್ಲಿ 7, 2. ಡೈಮಂಡ್‌ನಲ್ಲಿ ರಾಣಿ, ಗುಲಾಮ, 6, 5. ಕ್ಲಬ್‌ನಲ್ಲಿ 9, 8, 5, 3. ಇದು 6 ಪಾಯಿಂಟಿನ ಕೈ. ಎದುರಿನವರು ಎರಡನೆಯ ಸಲ 'ಒಂದು ಸ್ಪೇಡ್' ಎಂದಾಗ ಇದನ್ನು ಹಿಡಿದವರು ಪಾಸ್ ಎನ್ನಬಾರದು, 'ಎರಡು ಸ್ಪೇಡ್' ಎನ್ನಬೇಕು. "ಬಡವಳೇ, ಆದರೆ ನಿಮ್ಮ ಸ್ಪೇಡ್‌ಗೆ ಆಸರೆಯಾಗುವಷ್ಟು ಇದೆ" ಎಂದು ಅದರ ಅರ್ಥ. 'ಎರಡು ಕ್ಲಬ್' ಪದ್ಧತಿಯಲ್ಲಿ 'ಎರಡು ಡೈಮಂಡ್' ಮೊದಲ ಇಲ್ಲ. ಎದುರಿನವರು 'ಎರಡು ಸ್ಪೇಡ್' ಎಂದ ಮೇಲೆ ಹಲವು ಜೋಡಿಗಳು 'ಮೂರು ಕ್ಲಬ್' ಎಂಬುದನ್ನು ಎರಡನೆಯ ಇಲ್ಲ ಎಂದು ಇಟ್ಟುಕೊಂಡಿವೆ. "ಮೊದಲೇ ಕಡಿಮೆ ಎಂದಿದ್ದೆ, ಈಗ ಕೇಳಿ, ನಿಜವಾಗಿ ಏನೂ ಇಲ್ಲ" ಎಂಬ ಮಾತು ಅದು. ಹಿಂದಿನವರು ಇದಕ್ಕೆ 'ಎರಡು ನೋ ಟ್ರಂಪ್' ಬಳಸುತ್ತಿದ್ದರು. ಯಾವುದನ್ನು ಬಳಸಿದರೂ ಸರಿ, ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಸೊನ್ನೆಯನ್ನೂ ಆರನ್ನೂ ಒಂದೇ ಬುಟ್ಟಿಗೆ ಹಾಕಿ "ಎರಡೂ ವೀಕು" ಎನ್ನುವ ಆಟಗಾರ ಐದು ಅಂಕ ತೆಗೆದವನನ್ನೂ ಮೂವತ್ತನಾಲ್ಕು ತೆಗೆದವನನ್ನೂ ಒಂದೇ ತೆರನಾಗಿ ಫೇಲು ಎಂದು ಕೈ ತೊಳೆದುಕೊಳ್ಳುವ ಮೇಷ್ಟರ ಹಾಗೆ. ಮೂವತ್ತನಾಲ್ಕಕ್ಕೆ ಒಂದು ಸೇರಿಸುವ ದಾರಿ ಹುಡುಕುವವನೇ ಮೇಷ್ಟರು.

ಬಡ ಕೈಯ ನಿಜವಾದ ಜಾಣತನ ಕಾಣುವುದು ಎದುರಿನವರು 'ಒಂದು ನೋ ಟ್ರಂಪ್' ಎಂದಾಗ. ಅಂದರೆ ತುರುಪಿಲ್ಲದ ಆಟ, ಅವರ ಬಳಿ 15ರಿಂದ 17 ಪಾಯಿಂಟು ಎಂದಿಟ್ಟುಕೊಳ್ಳಿ. ನಿಮ್ಮ ಕೈ ಹೀಗಿದೆ: ಸ್ಪೇಡ್‌ನಲ್ಲಿ 9, 6, 5, 3, 2. ಹಾರ್ಟ್‌ನಲ್ಲಿ 8, 4. ಡೈಮಂಡ್‌ನಲ್ಲಿ ಗುಲಾಮ, 7, 3. ಕ್ಲಬ್‌ನಲ್ಲಿ 10, 6, 2. ಒಂದು ಪಾಯಿಂಟಿಗೆ ಯಾರು ಬಾಯಿ ತೆಗೆಯುತ್ತಾರೆ ಎಂದು ಪಾಸ್ ಹೇಳುವವರೇ ಹೆಚ್ಚು. ಯೋಚಿಸಿ ನೋಡಿ. ತುರುಪಿಲ್ಲದ ಆಟದಲ್ಲಿ ನಿಮ್ಮ ಐದು ಚಿಲ್ಲರೆ ಸ್ಪೇಡ್‌ಗಳಿಗೆ ಒಂದು ಸುತ್ತೂ ಸಿಗಲಿಕ್ಕಿಲ್ಲ. ಸ್ಪೇಡೇ ತುರುಪಾದರೆ? ಅದೇ ಎರಡು, ಅದೇ ಮೂರು ಎದುರಾಳಿಯ ಎಕ್ಕವನ್ನೂ ಕಡಿಯಬಲ್ಲವು. ಅದಕ್ಕೇ ಟ್ರಾನ್ಸ್‌ಫರ್ ಎಂಬ ಸಂಕೇತವಿದೆ. ಅಮೆರಿಕದ ಆಸ್ವಾಲ್ಡ್ ಜೇಕಬಿ 1956ರಲ್ಲಿ ಅದನ್ನು ಅಲ್ಲಿ ಜನಪ್ರಿಯಗೊಳಿಸಿದ. ನೀವು 'ಎರಡು ಹಾರ್ಟ್' ಎನ್ನುತ್ತೀರಿ, ಅದರ ಅರ್ಥ "ನನ್ನ ಬಳಿ ಐದು ಸ್ಪೇಡ್ ಇದೆ, ನೀವೇ ಸ್ಪೇಡ್ ಎನ್ನಿ". ಅವರು 'ಎರಡು ಸ್ಪೇಡ್' ಎನ್ನುತ್ತಾರೆ. ನೀವು ಪಾಸ್. ಬಲವಾದ ಕೈ ಮುಚ್ಚಿಯೇ ಇರುತ್ತದೆ, ನಿಮ್ಮ ಬಡ ಕೈ ಮೇಜಿನ ಮೇಲೆ ಹರಡಿಕೊಳ್ಳುತ್ತದೆ. ಎದುರಾಳಿಗೆ ನೋಡಿ ತಿಳಿಯಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ.

ಇನ್ನೊಂದು ನೋಡಿ. ಸ್ಪೇಡ್‌ನಲ್ಲಿ ಗುಲಾಮ, 8, 6, 3. ಹಾರ್ಟ್‌ನಲ್ಲಿ 9, 7, 5, 2. ಡೈಮಂಡ್‌ನಲ್ಲಿ 10, 8, 6, 4, 3. ಕ್ಲಬ್ ಒಂದೂ ಇಲ್ಲ. ಎದುರಿನವರ 'ಒಂದು ನೋ ಟ್ರಂಪ್'ಗೆ ನೀವು 'ಎರಡು ಕ್ಲಬ್' ಎನ್ನಬಹುದು. ಅದು ಸ್ಟೇಮನ್ ಎಂಬ ಪ್ರಶ್ನೆ, 1945ರಿಂದ ಆ ಹೆಸರಿನಲ್ಲಿ ಬಳಕೆಯಲ್ಲಿದೆ. "ನಿಮ್ಮ ಬಳಿ ನಾಲ್ಕು ಹಾರ್ಟ್ ಅಥವಾ ನಾಲ್ಕು ಸ್ಪೇಡ್ ಇದೆಯೇ?" ಎಂದು ಅದರ ಅರ್ಥ. ಅವರು ಡೈಮಂಡ್ ಎನ್ನಲಿ, ಹಾರ್ಟ್ ಎನ್ನಲಿ, ಸ್ಪೇಡ್ ಎನ್ನಲಿ, ಯಾವುದಕ್ಕೂ ನಿಮ್ಮಲ್ಲಿ ಸಾಕಷ್ಟು ಎಲೆಗಳಿವೆ. ಮುಂದಿನ ಸರದಿಯಲ್ಲಿ ಪಾಸ್. "ಸ್ಟೇಮನ್ ಕೇಳಲು ಎಂಟು ಪಾಯಿಂಟು ಬೇಕು" ಎಂದು ಕಣ್ಣು ಮುಚ್ಚಿ ಕಲಿಸುವವರು ಇಲ್ಲಿ ಸೋಲುತ್ತಾರೆ. ಮುಂದೆ ಏರುವ ಇರಾದೆ ಇದ್ದವರಿಗೆ ಎಂಟು ಬೇಕು. ಇಳಿದು ನೆರಳಿಗೆ ನಿಲ್ಲುವವರಿಗೆ ಬೇಕಾದ್ದು ಎಲೆಗಳ ಹಂಚಿಕೆ, ಪಾಯಿಂಟಲ್ಲ.

ಎದುರಾಳಿಗಳು ನಡುವೆ ಬಾಯಿ ಹಾಕಿದಾಗ ಏನು ಎಂಬುದನ್ನಂತೂ ಕಲಿಸುವವರು ಬಹಳ ಕಡಿಮೆ. ಬಲವಾದ 'ಒಂದು ಕ್ಲಬ್' ಕೇಳಿದ ಕೂಡಲೇ ಜಾಣ ಎದುರಾಳಿ, ತನ್ನ ಕೈಯಲ್ಲಿ ಹೆಚ್ಚೇನಿಲ್ಲದಿದ್ದರೂ, 'ಒಂದು ಸ್ಪೇಡ್' ಎಂದು ದಾರಿಗೆ ಕಲ್ಲು ಹಾಕುತ್ತಾನೆ. ಈಗ 'ಒಂದು ಡೈಮಂಡ್' ಎನ್ನಲು ಜಾಗವಿಲ್ಲ. ಆಗ ಪಾಸ್ ಎಂಬುದಕ್ಕೆ ಹೊಸ ಅರ್ಥ ಬರುತ್ತದೆ. ಎದುರಿನವರಿಗೆ ಇನ್ನೊಂದು ಸರದಿ ಹೇಗೂ ಇದೆ, ಆದ್ದರಿಂದ ಈ ಪಾಸ್‌ನಿಂದ ಕೆಡುಕಿಲ್ಲ. ಹಲವು ಜೋಡಿಗಳ ಒಪ್ಪಂದದಲ್ಲಿ ಇಲ್ಲಿ ಪಾಸ್ ಎಂದರೆ 0ರಿಂದ 4, ಡಬಲ್ ಎಂದರೆ 5ರಿಂದ 7. ಸುಮ್ಮನಿರುವುದು ಯಾವಾಗ ತಪ್ಪು, ಯಾವಾಗ ಅದೇ ಸರಿಯಾದ ಮಾತು ಎಂಬ ಈ ವ್ಯತ್ಯಾಸವೇ ನಿಜವಾದ ಪಾಠ. "ಇಲ್ಲದಿದ್ದರೆ ಪಾಸ್" ಎಂಬ ಒಂದೇ ಸೂತ್ರದಲ್ಲಿ ಇದನ್ನೆಲ್ಲ ಮುಳುಗಿಸಿದರೆ ಕಲಿತವಳ ಕೈಗೆ ಏನು ಬಂತು?

ನನ್ನ ವಾದಕ್ಕೆ ಬರುವ ಆಕ್ಷೇಪಗಳೂ ಗೊತ್ತು. ಮೊದಲನೆಯದು, "ಇವೆಲ್ಲ ಗುಟ್ಟಿನ ಸನ್ನೆ, ಒಂದು ಬಗೆಯ ಮೋಸ" ಎಂಬುದು. ಗುಟ್ಟಾಗಿದ್ದರೆ ನಿಜವಾಗಿಯೂ ಮೋಸವೇ. ಆದರೆ ನಿಯಮ ಏನು? ಜೋಡಿಯ ಒಪ್ಪಂದಗಳೆಲ್ಲ ಕಾರ್ಡಿನಲ್ಲಿ ಬರೆದಿರಬೇಕು. ಸಂಕೇತದ ಸವಾಲು ಬಂದಾಗ ಎದುರಾಳಿಗಳನ್ನು ಎಚ್ಚರಿಸಬೇಕು. ಕೇಳಿದರೆ ಅರ್ಥ ಹೇಳಬೇಕು. 1980ರ ದಶಕದಲ್ಲಿ ಪೋಲೆಂಡ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಕೆಲವರು ಮೊದಲ ಪಾಸ್ ಎಂದರೆ ಬಲವಾದ ಕೈ, ಬಡ ಕೈಯಾದರೆ ಏನಾದರೂ ಕೂಗಲೇಬೇಕು ಎಂಬ ಪದ್ಧತಿಗಳನ್ನು ಹೂಡಿದರು. ಎದುರಾಳಿಗಳಿಗೆ ಸಿದ್ಧತೆಗೆ ಅವಕಾಶವಿಲ್ಲದ ಸ್ಪರ್ಧೆಗಳಲ್ಲಿ ಅಂಥವಕ್ಕೆ ವಿಶ್ವ ಬ್ರಿಜ್ ಒಕ್ಕೂಟ ಕಡಿವಾಣ ಹಾಕಿತು. ಸರಿಯೇ ಮಾಡಿತು. ನಾನು ಕೇಳುತ್ತಿರುವುದು ಎದುರಾಳಿಗೆ ದಿಕ್ಕು ತಪ್ಪಿಸುವ ಸವಾಲಲ್ಲ, ಮೇಜಿನ ನಾಲ್ವರಿಗೂ ಅರ್ಥವಾಗುವ 'ಇಲ್ಲ'.

ಎರಡನೆಯ ಆಕ್ಷೇಪ, "ಕೆಟ್ಟ ಎಲೆ ಬಂದರೆ ಯಾರೇನು ಮಾಡಲಿಕ್ಕಾಗುತ್ತದೆ, ಹಣೆಬರಹ" ಎಂಬುದು. ಡೂಪ್ಲಿಕೇಟ್ ಬ್ರಿಜ್ ಈ ಹಣೆಬರಹವನ್ನೇ ಅಳಿಸಿದೆ. ಅಲ್ಲಿ ಒಂದು ಮೇಜಿನಲ್ಲಿ ಆಡಿದ ಎಲೆಗಳನ್ನು ಹಾಗೆಯೇ ಬೋರ್ಡಿನಲ್ಲಿಟ್ಟು ಮುಂದಿನ ಮೇಜಿಗೆ ಕಳಿಸುತ್ತಾರೆ. ನಿಮಗೆ ಬಂದ ಒಂದು ಪಾಯಿಂಟಿನ ಕೈಯೇ ಬೇರೆ ಮೇಜುಗಳಲ್ಲಿ ನಿಮ್ಮ ದಿಕ್ಕಿನಲ್ಲಿ ಕೂತವರಿಗೂ ಬರುತ್ತದೆ. ನಿಮ್ಮ ಅಂಕವನ್ನು ಹೋಲಿಸುವುದು ಅವರ ಅಂಕದ ಜೊತೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ನೀವು ನೂರು ಅಂಕದ ನಷ್ಟದಲ್ಲಿ ನಿಂತು ಉಳಿದವರು ಮುನ್ನೂರು ಕಳೆದುಕೊಂಡಿದ್ದರೆ, ಆ ಬೋರ್ಡಿನಲ್ಲಿ ಮೊದಲ ಸ್ಥಾನ ನಿಮ್ಮದು. ಕಡಿಮೆ ಕಳೆದುಕೊಳ್ಳುವುದೂ ಗೆಲುವೇ ಎಂಬುದು ಸಂಬಳದ ಕೊನೆಯ ವಾರದಲ್ಲಿ ಮನೆ ನಡೆಸಿದ ಯಾವ ಹೆಂಗಸಿಗೆ ಗೊತ್ತಿಲ್ಲ?

ಮೂರನೆಯದು, "ಹೊಸಬರಿಗೆ ಮೊದಲು ಸಹಜ ಸವಾಲು ಸಾಕು, ಸಂಕೇತ ಆಮೇಲೆ" ಎಂಬುದು. ಆಗಲಿ, ಹಾಗೇ ಕಲಿಸಿ. ಆದರೆ ಬಲವಾದ ಕೈಗೆ ಸಂಕೇತದ ಸವಾಲು ಕಲಿಸಿದ ದಿನವೇ ಬಡ ಕೈಯ ಉತ್ತರವನ್ನೂ ಕಲಿಸಿ. ಪ್ರಶ್ನೆ ಕಲಿಸಿ ಉತ್ತರವನ್ನು ಮುಂದಿನ ತಿಂಗಳಿಗೆ ಇಡಬೇಡಿ.

ಇನ್ನು ಹೇಳಲೇಬೇಕಾದ ಮಾತು ಗಂಡಸರಿಗೆ. ನಮ್ಮ ಊರುಗಳ ಕ್ಲಬ್ಬುಗಳಲ್ಲಿ ಬಹಳ ಹೆಂಗಸರು ಈ ಆಟ ಕಲಿಯುವುದು ನಡುವಯಸ್ಸಿನಲ್ಲಿ, ನಾಲ್ಕನೆಯವರು ಬಾರದ ಸಂಜೆ ಗಂಡನ ಒತ್ತಾಯಕ್ಕೆ. ಆಗ ಮೇಜಿನ ಸುತ್ತ ಕೇಳುವುದು ಎರಡೇ ಬೈಗುಳ. "ಏನೂ ಇಲ್ಲದ ಮೇಲೆ ಬಾಯಿ ಯಾಕೆ ತೆಗೆದೆ?" ಮತ್ತು "ಅಷ್ಟು ಇಟ್ಟುಕೊಂಡು ಯಾಕೆ ಸುಮ್ಮನಿದ್ದೆ?" ಇಂಥ ಹತ್ತು ಸಂಜೆ ಕಳೆದರೆ ಅವಳು ಸವಾಲು ಕೂಗುವುದು ಕೈ ನೋಡಿ ಅಲ್ಲ, ಗಂಡನ ಮುಖ ನೋಡಿ. ಇದು ಆಟವಾಗಿ ಉಳಿಯುವುದಿಲ್ಲ. ಡೂಪ್ಲಿಕೇಟ್ ಬ್ರಿಜ್‌ನ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ 74ನೆಯ ನಿಯಮ ಎಂದೊಂದಿದೆ. ಇನ್ನೊಬ್ಬ ಆಟಗಾರರಿಗೆ ಕಿರಿಕಿರಿ ಅಥವಾ ಮುಜುಗರ ತರುವ ಮಾತನ್ನೂ ವರ್ತನೆಯನ್ನೂ ಎಚ್ಚರದಿಂದ ತಪ್ಪಿಸಬೇಕು ಎಂದು ಅದು ಹೇಳುತ್ತದೆ. ಇನ್ನೊಬ್ಬ ಆಟಗಾರ ಎಂದರೆ ಹೆಂಡತಿಯೂ ಸೇರಿದಳು. ನಿಟ್ಟುಸಿರು, ಗೊಣಗಾಟ, ದನಿಯ ಏರಿಳಿತದಿಂದ ಎದುರಿನವರಿಗೆ ಸುಳಿವು ಸಿಗುವುದನ್ನೂ ನಿಯಮ ಒಪ್ಪುವುದಿಲ್ಲ. ದೊಡ್ಡ ಸ್ಪರ್ಧೆಗಳಲ್ಲಿ ಬಾಯಲ್ಲಿ ಕೂಗದೆ ಪೆಟ್ಟಿಗೆಯಿಂದ ಸವಾಲಿನ ಚೀಟಿ ತೆಗೆದಿಡುವುದು ಇದಕ್ಕಾಗಿಯೇ. ಆ ಚೀಟಿಯಲ್ಲಿ ಬಡವಿಯ 'ಒಂದು ಡೈಮಂಡ್' ಸಾಹುಕಾರನ 'ಒಂದು ಡೈಮಂಡ್'ನಷ್ಟೇ ಅಚ್ಚುಕಟ್ಟಾಗಿ ಅಚ್ಚಾಗಿರುತ್ತದೆ.

ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1929ರಲ್ಲಿ ನಡೆದ ಪ್ರಸಂಗವನ್ನು ಬ್ರಿಜ್ ಲೋಕ ಇನ್ನೂ ಮರೆತಿಲ್ಲ. ಜಾನ್ ಬೆನೆಟ್ 'ಒಂದು ಸ್ಪೇಡ್' ಎಂದು ಆರಂಭಿಸಿದ. ಹೆಂಡತಿ ಮರ್ಟಲ್ ಆ ಮಾತು ನಂಬಿ ನಾಲ್ಕಕ್ಕೆ ಏರಿಸಿದಳು. ಅಷ್ಟು ಗೆಲ್ಲಲಾಗಲಿಲ್ಲ. ಮಾತಿಗೆ ಮಾತು ಬೆಳೆಯಿತು, ಗಂಡ ಎಲ್ಲರೆದುರು ಕೆನ್ನೆಗೆ ಬಾರಿಸಿದ. ಅವಳು ಒಳಗಿಂದ ಪಿಸ್ತೂಲು ತಂದು ಗುಂಡು ಹಾರಿಸಿದಳು, ಅವನು ಸತ್ತ. 1931ರಲ್ಲಿ ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. ಪಿಸ್ತೂಲಿನ ಸಮರ್ಥನೆ ನನ್ನ ಕೆಲಸವಲ್ಲ. ಆದರೆ ಎದುರಿನವಳ ಕೈಯನ್ನು ಹಳಿಯುವ ಮುನ್ನ ತಾನು ಕೂಗಿದ್ದು ನಿಜವೇ ಎಂದು ನೋಡಿಕೊಳ್ಳುವ ಗಂಡಸರು ಅಂದೂ ಕಡಿಮೆ, ಇಂದೂ ಕಡಿಮೆ.

ಕಲಿಸುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮೊದಲ ದಿನ ಹೊಸಬರ ಕೈಗೆ ಎಕ್ಕ, ರಾಜರನ್ನು ಕೊಟ್ಟು ಆಸೆ ಹುಟ್ಟಿಸಬೇಡಿ. ಒಂದು ಗುಲಾಮ, ಹನ್ನೆರಡು ಚಿಲ್ಲರೆ ಎಲೆ ಕೊಡಿ. ಎದುರಿಗೆ ಕೂತು 'ಒಂದು ಕ್ಲಬ್' ಎನ್ನಿ. ಅವರು ಯೋಚಿಸಲಿ. 'ಒಂದು ಡೈಮಂಡ್' ಎಂದಾಗ "ಭೇಷ್, ಸರಿಯಾಗಿ ಹೇಳಿದಿರಿ" ಎನ್ನಿ. ಸೊನ್ನೆಗೂ ಐದಕ್ಕೂ ಇರುವ ಅಂತರ ಹೇಗೆ ತಿಳಿಸುವುದೆಂದು ಎರಡನೆಯ ದಿನ ಹೇಳಿಕೊಡಿ. ಎದುರಾಳಿ ಅಡ್ಡ ಬಂದಾಗ ಪಾಸ್‌ನ ಅರ್ಥ ಹೇಗೆ ಬದಲಾಗುತ್ತದೆಂದು ಮೂರನೆಯ ದಿನ. ಟ್ರಾನ್ಸ್‌ಫರ್‌ನಿಂದ ಚಿಲ್ಲರೆ ಎಲೆಗೆ ತುರುಪಿನ ಪಟ್ಟ ಕಟ್ಟುವುದು ನಾಲ್ಕನೆಯ ದಿನ. ಸ್ಲ್ಯಾಮ್ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಕಲಿಸಿದರಾಯಿತು.

ಕಲಿಯುವ ಗೆಳತಿಯರಲ್ಲೂ ಒಂದು ಮಾತು. ಕೈ ತೆರೆದು ನೋಡಿ ಏನೂ ಇಲ್ಲವೆಂದು ಮುಖ ಬಾಡಿಸಿಕೊಳ್ಳಬೇಡಿ. ಎದುರಿನವರು ಕೇಳುತ್ತಿರುವುದು ನಿಮ್ಮ ಬಳಿ ಎಷ್ಟಿದೆ ಎಂದು, ನಿಮ್ಮ ಬೆಲೆ ಎಷ್ಟೆಂದು ಅಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು ಚೀಟಿ ತೆಗೆದು ಮೇಜಿನ ಮೇಲಿಡಿ: ಒಂದು ಡೈಮಂಡ್.